ಬೀಗದ ಕೈ ಯಾರ ಹತ್ತಿರ? ಚೆಟ್ಟಿನಾಡಿನ ಹಳೇ ಮನೆಗಳಲ್ಲಿ ನಾಲ್ಕು ದಿನ

ಕೆಂಗೇರಿಯಾಚೆ ನಮ್ಮದೊಂದು ಸಣ್ಣ ಮನೆ ಏಳುತ್ತಿದೆ. ಗೋಡೆ ಎದ್ದಿದೆ, ಮೋಲ್ಡ್ ಹಾಕಿ ಆಗಿದೆ, ನೆಲದ ಹತ್ತಿರ ಬಂದು ಕೆಲಸ ನಿಂತುಬಿಟ್ಟಿತ್ತು. ನನ್ನ ಗಂಡನಿಗೆ ಬಿಳಿ ಟೈಲ್ಸ್ ಬೇಕು, ನನಗೆ ಕೆಂಪು ನೆಲ ಬೇಕು, ಅಮ್ಮನಿಗೆ ಜಾರದೆ ಇದ್ದರೆ ಸಾಕು. ತಮಿಳುನಾಡಿನ ಚೆಟ್ಟಿನಾಡು ಸೀಮೆಯಲ್ಲಿ ಆತ್ತಂಗುಡಿ ಅಂತ ಒಂದು ಊರಿದೆ, ಅಲ್ಲಿ ಕೈಯಲ್ಲೇ ಮಾಡುವ ಟೈಲ್ಸ್ ಹಾಕಿಸೋಣ ಅಂತ ನಾನು ಹೇಳಿದೆ. ಫೋಟೋ ನೋಡಿ ಆರ್ಡರ್ ಮಾಡು ಅಂದರು. ನಾನು ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಅಮ್ಮನನ್ನು ಹೊರಡಿಸಿಕೊಂಡು ಮಂಗಳವಾರ ರಾತ್ರಿ ತಿರುಚ್ಚಿ ರೈಲು ಹತ್ತಿದೆ. ಟೈಲ್ಸ್ ನೆಪ. ಆ ಸೀಮೆಯ ದೊಡ್ಡ ದೊಡ್ಡ ಹಳೇ ಮನೆಗಳನ್ನು ಒಮ್ಮೆ ನೋಡಬೇಕು ಅನ್ನೋದು ಹಳೇ ಆಸೆ.

ಮೊದಲ ದಿನ, ಬುಧವಾರ

ತಿರುಚ್ಚಿಯಿಂದ ಚೆಟ್ಟಿನಾಡಿನ ದೊಡ್ಡ ಊರು ಕಾರೈಕುಡಿಗೆ ಬಸ್ಸು. ಸುಮಾರು 90 ಕಿಲೋಮೀಟರ್. ಪುದುಕ್ಕೋಟೈ ದಾಟಿದ ಮೇಲೆ ತಿರುಮಯಂ ಕೋಟೆ ಸಿಗುತ್ತದೆ, ಬಸ್ಸಿನಿಂದಲೇ ನೋಡಿದೆವು, ಇಳಿಯಲಿಲ್ಲ. ಆಮೇಲೆಲ್ಲ ಒಣ ನೆಲ, ಕೆಂಪು ಮಣ್ಣು, ಕುರುಚಲು ಗಿಡ. ಅಮ್ಮ ತೀರ್ಥಹಳ್ಳಿ ಕಡೆಯವಳು, ಅವಳ ಕಣ್ಣಿಗೆ ಇದು ಬರಗಾಲವೇ. "ಇಲ್ಲಿ ಎಂಥ ಬೆಳೀತಾರೆ ಮಾರಾಯ್ತಿ? ಇಷ್ಟು ದೊಡ್ಡ ಮನೆ ಕಟ್ಟೋಕೆ ದುಡ್ಡು ಎಲ್ಲಿಂದ ಬಂತು?" ಅಂತ ಕೇಳಿದಳು. ಇಡೀ ಪ್ರವಾಸದ ಪ್ರಶ್ನೆ ಅದೇ ಅಂತ ಆಗ ನನಗೆ ಹೊಳೆಯಲಿಲ್ಲ.

ನಮ್ಮ ರೂಮು ಒಂದು ಹಳೇ ಮನೆಯ ಮೇಲಿನ ಮಹಡಿಯಲ್ಲಿ. ಫೋಟೋದಲ್ಲಿ ಅರಮನೆ ಥರ ಇತ್ತು. ಹೋಗಿ ನೋಡಿದರೆ ಪಂಪು ಕೆಟ್ಟಿದೆ, ಸಂಜೆವರೆಗೂ ನೀರಿಲ್ಲ. ಬಕೆಟ್ಟಿನಲ್ಲಿ ತಂದುಕೊಟ್ಟರು. ಅಮ್ಮ ಮಾತ್ರ ಖುಷಿಯಾಗಿದ್ದಳು, ಏಕೆಂದರೆ ಮಂಚ ಎತ್ತರವಾಗಿತ್ತು, ಕಿಟಕಿಗೆ ಮರದ ರೆಕ್ಕೆ ಇತ್ತು, ಗಾಳಿ ಚೆನ್ನಾಗಿ ಬರುತ್ತಿತ್ತು.

ಸಂಜೆ ಊರು ಸುತ್ತಿದೆವು. ಕಾರೈಕುಡಿ ಈಗ ಸಣ್ಣ ಊರೇನಲ್ಲ, ಗಲಾಟೆ ಇದೆ, ಮೊಬೈಲ್ ಅಂಗಡಿಗಳಿವೆ. ಆದರೆ ಒಂದು ತಿರುವು ತಗೊಂಡರೆ ಸಾಕು, ಉದ್ದಕ್ಕೂ ಗೋಡೆ. ಒಂದೇ ಮನೆ ಈ ಬೀದಿಯಲ್ಲಿ ಶುರುವಾಗಿ ಹಿಂದಿನ ಬೀದಿಯಲ್ಲಿ ಮುಗಿಯುತ್ತದೆ. ಆಯಿರಂ ಜನ್ನಲ್ ವೀಡು, ಅಂದರೆ ಸಾವಿರ ಕಿಟಕಿ ಮನೆ, ಅದನ್ನೂ ಹೊರಗಿಂದ ನೋಡಿದೆವು. ಅಮ್ಮ ಎಣಿಸಲು ಶುರು ಮಾಡಿ ನಲವತ್ತಕ್ಕೆ ಬಿಟ್ಟಳು. ನಾವು ನೋಡಿದ ಹತ್ತು ಮನೆಗಳಲ್ಲಿ ಎಂಟಕ್ಕೆ ಬೀಗ. ಬೀಗವೂ ಸಾಮಾನ್ಯದ್ದಲ್ಲ, ತೆಂಗಿನಕಾಯಿ ಗಾತ್ರ. ಇವುಗಳ ಕೀಲಿ ಯಾರ ಹತ್ತಿರ ಇರುತ್ತೆ ಅಂತ ಚಹಾ ಅಂಗಡಿಯವರನ್ನು ಕೇಳಿದೆ. "ಮನೆಯವರು ಚೆನ್ನೈಯಲ್ಲಿ, ಸಿಂಗಾಪುರದಲ್ಲಿ. ಕೀಲಿ ಇಲ್ಲೇ ಎಲ್ಲೋ ಇರುತ್ತೆ" ಅಂದರು.

ಎರಡನೇ ದಿನ, ಗುರುವಾರ

ಕಾನಾಡುಕಾತ್ತಾನ್. ಕಾರೈಕುಡಿಯಿಂದ ಹದಿನೈದು ಕಿಲೋಮೀಟರ್ ಒಳಗೆ. ಇದು ನಿಜಕ್ಕೂ ಸಣ್ಣ ಊರು. ನೇರ ಬೀದಿಗಳು, ಅಡ್ಡ ಬೀದಿಗಳು, ಮಧ್ಯೆ ಊರಣಿ, ಅಂದರೆ ಮಳೆ ನೀರಿನ ಕೆರೆ. ಬೆಳಿಗ್ಗೆ ಒಂಬತ್ತಕ್ಕೆ ಬೀದಿಯಲ್ಲಿ ಒಂದು ಹಸು, ಒಂದು ಸೈಕಲ್ಲು ಮತ್ತು ನಾವು. ಎರಡೂ ಕಡೆ ಮೂರು ಮಹಡಿ ಎತ್ತರದ ಮನೆಗಳು, ತಲೆ ಮೇಲೆ ಗಜಲಕ್ಷ್ಮಿ, ಪಕ್ಕದಲ್ಲಿ ಬಂದೂಕು ಹಿಡಿದ ಬ್ರಿಟಿಷ್ ಸಿಪಾಯಿ, ಎಲ್ಲ ಗಾರೆಯಲ್ಲಿ ಮಾಡಿದ್ದು.

ಮೊದಲು ಇಲ್ಲಿ ಇದ್ದವರು ಯಾರು ಅನ್ನೋದನ್ನು ಹೇಳಿಬಿಡುತ್ತೇನೆ. ನಾಟ್ಟುಕೋಟ್ಟೈ ಚೆಟ್ಟಿಯಾರರು, ವ್ಯಾಪಾರ, ಲೇವಾದೇವಿ ಮಾಡುತ್ತಿದ್ದ ಜನ. ತಮ್ಮನ್ನು ನಗರತ್ತಾರ್ ಅಂತ ಕರೆದುಕೊಳ್ಳುತ್ತಾರೆ. ಕಾವೇರಿ ಸಮುದ್ರ ಸೇರುವ ಪೂಂಪುಹಾರ್ ಕಡೆಯಿಂದ ನೆರೆಗೆ ಹೆದರಿ ಈ ಒಣ ಸೀಮೆಗೆ ಬಂದರು ಅಂತ ಅವರ ಕಥೆ. ನೀರಿನ ಭಯ ಇನ್ನೂ ಹೋಗಿಲ್ಲವೋ ಏನೋ, ಮಳೆ ಕಾಣದ ಊರಲ್ಲೂ ಮನೆಗಳೆಲ್ಲ ಎತ್ತರದ ಕಟ್ಟೆ ಮೇಲೆ. ಹಿಂದೆ 96 ಊರುಗಳಿದ್ದವಂತೆ, ಈಗ ಎಪ್ಪತ್ತೈದರ ಆಸುಪಾಸು. ಒಂಬತ್ತು ದೇವಸ್ಥಾನ, ಒಂಬತ್ತು ಬಳಿ, ಅಂದರೆ ಕುಲ. ಒಂದೇ ದೇವಸ್ಥಾನದವರು ತಮ್ಮೊಳಗೆ ಮದುವೆ ಆಗುವಂತಿಲ್ಲ, ನಮ್ಮಲ್ಲಿ ಗೋತ್ರ ನೋಡಿದ ಹಾಗೆ.

ಒಂದು ಮನೆಯ ಒಳಗೆ ಹೋಗಲು ಅವಕಾಶ ಸಿಕ್ಕಿತು. ನೋಡಿಕೊಳ್ಳುವ ಹಿರಿಯರೊಬ್ಬರು, ಸೊಂಟದಲ್ಲಿ ಕೀಲಿ ಗೊಂಚಲು. ಕೊನೆಗೂ ಕೀಲಿ ಇರುವ ಮನುಷ್ಯ ಸಿಕ್ಕಿದ! ಅವರ ಅಪ್ಪನೂ ಇದೇ ಮನೆ ನೋಡಿಕೊಳ್ಳುತ್ತಿದ್ದರಂತೆ. ಅವರು ತಮಿಳು, ಅಮ್ಮ ಕನ್ನಡ. ನಡುವೆ ನಾನು, ನನ್ನ ಅರೆಬರೆ ಬೆಂಗಳೂರು ತಮಿಳು. ಅರ್ಧ ಗಂಟೆಯಲ್ಲಿ ಅವರಿಬ್ಬರಿಗೂ ನನ್ನ ಅಗತ್ಯವೇ ಇರಲಿಲ್ಲ.

ಮುಂದೆ ತಿಣ್ಣೈ, ನಮ್ಮ ಜಗಲಿ. ಬಂದವರು ಕೂರೋದು, ಲೆಕ್ಕ ಬರೆಯೋದು ಎಲ್ಲ ಇಲ್ಲೇ. ಕಂಬಗಳು ಬರ್ಮಾ ತೇಗ, ಒಬ್ಬರ ತೋಳಿಗೆ ಸಿಗುವುದಿಲ್ಲ. ಆಮೇಲೆ ದೊಡ್ಡ ಹಾಲು, ಇಟಲಿಯ ಅಮೃತಶಿಲೆ, ಬೆಲ್ಜಿಯಂ ಕನ್ನಡಿ. ಆಮೇಲೆ ವಳವು, ಅಂದರೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಸಾಲಾಗಿ ಕೋಣೆ. ಅದರ ಹಿಂದೆ ಊಟದ ಅಂಗಳ, ಅದರ ಹಿಂದೆ ಅಡುಗೆ ಅಂಗಳ. ಮುಂಬಾಗಿಲಲ್ಲಿ ನಿಂತು ನೋಡಿದರೆ ಹಿಂದಿನ ಬೀದಿಯ ಬೆಳಕು ಬಾಗಿಲೊಳಗೆ ಬಾಗಿಲಾಗಿ ಚಿಕ್ಕದಾಗಿ ಕಾಣುತ್ತದೆ. ಅಮ್ಮ "ನಮ್ಮ ತೊಟ್ಟಿ ಮನೆಯನ್ನೇ ನಾಲ್ಕು ಸಲ ಹಿಂದೆ ಹಿಂದೆ ಇಟ್ಟ ಹಾಗಿದೆ" ಅಂದಳು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಗೋಡೆ ಮುಟ್ಟಿ ನೋಡಿದೆ. ಪಿಂಗಾಣಿ ತಟ್ಟೆ ಮುಟ್ಟಿದ ಹಾಗೆ, ತಣ್ಣಗೆ, ನುಣ್ಣಗೆ. ಸುಣ್ಣ, ಅಳಲೆಕಾಯಿ, ಬೆಲ್ಲ, ಮೇಲಿನ ಪದರಕ್ಕೆ ಮೊಟ್ಟೆಯ ಬಿಳಿ. "ಬಿಳಿ ಎಲ್ಲ ಗೋಡೆಗೆ ಬಳಿದರೆ ಹಳದಿ ಯಾರು ತಿಂದರು?" ಅಂತ ಅಮ್ಮ ಕೇಳಿದಳು. ಹಿರಿಯರು ತುಂಬಾ ಹೊತ್ತು ನಕ್ಕರು. ಉತ್ತರ ಹೇಳಲಿಲ್ಲ.

ಆದರೆ ಅಮ್ಮ ನಿಂತುಬಿಟ್ಟಿದ್ದು ಅಡುಗೆ ಅಂಗಳದಲ್ಲಿ. ಅಲ್ಲಿ ಒಂದಲ್ಲ, ಸಾಲಾಗಿ ಒಲೆಗಳು. ವಿಷಯ ಏನು ಅಂದರೆ, ಚೆಟ್ಟಿಯಾರರಲ್ಲಿ ಮಗನಿಗೆ ಮದುವೆ ಆದ ಮೇಲೆ ಸ್ವಲ್ಪ ಕಾಲಕ್ಕೆ "ವೇರೆ ವೈತ್ತಲ್", ಬೇರೆ ಇಡೋದು. ಅದೇ ಮನೆ, ಅದೇ ಸೂರು. ಆದರೆ ಆ ಜೋಡಿಗೆ ಒಂದು ಕೋಣೆ, ಒಂದು ಒಲೆ, ಲೆಕ್ಕ ಹಾಕಿ ಕೊಟ್ಟ ದಿನಸಿ. ಅವರವರ ಅಡುಗೆ ಅವರವರದು. ಹಬ್ಬ, ಮದುವೆ, ತಿಥಿಗೆ ಮಾತ್ರ ಎಲ್ಲರೂ ಸೇರಿ. ಮದುವೆಯಾದ ಒಂದು ಜೋಡಿ ಅಂದರೆ ಒಂದು "ಪುಳ್ಳಿ", ದೇವಸ್ಥಾನಕ್ಕೆ ವಂತಿಗೆ ಕೊಡುವುದೂ ಆ ಲೆಕ್ಕದಲ್ಲೇ.

ಅಮ್ಮ ಮದುವೆಯಾಗಿ ಹೋದ ಮನೆಯಲ್ಲಿ ಹದಿನೇಳು ಜನ, ಒಂದೇ ಒಲೆ. ಉಪ್ಪು ಜಾಸ್ತಿ ಆದರೆ ಯಾರು ಹಾಕಿದ್ದು ಅನ್ನೋದರಿಂದ ಹಿಡಿದು ತುಪ್ಪದ ಭರಣಿ ಬೀಗದವರೆಗೆ ಎಲ್ಲ ರಾಮಾಯಣ ನಾನು ಕೇಳಿ ಬೆಳೆದವಳು. ಆ ಒಲೆ ಸಾಲು ನೋಡುತ್ತಾ ಅವಳು ಹೇಳಿದ್ದು ಒಂದೇ ಮಾತು. "ಈ ಬುದ್ಧಿ ನಮ್ಮೋರಿಗೆ ಇದ್ದಿದ್ರೆ ಆ ಮನೆ ಪಾಲಾಗ್ತಾ ಇರ್ಲಿಲ್ಲ ಕಣೇ."

ಇನ್ನೊಂದು ವಿಷಯ. ಈ ಮನೆಗಳಲ್ಲಿ ನಿಜವಾಗಿ ಬಾಳಿದ್ದು ಹೆಂಗಸರು, ಮಕ್ಕಳು, ಮುದುಕರು. ಆಚ್ಚಿ ಅಂತ ಕರೆಯುತ್ತಾರೆ ಮನೆಯೊಡತಿಯರನ್ನು. ಗಂಡಸರು ಸುಮಾರು ಮೂರು ವರ್ಷದ ಕರಾರಿನ ಮೇಲೆ ಹಡಗು ಹತ್ತುತ್ತಿದ್ದರು. ರಂಗೂನ್, ಮೌಲ್ಮೇನ್, ಪೆನಾಂಗ್, ಸಿಂಗಾಪುರ, ಸೈಗಾನ್, ಕೊಲಂಬೊ. ಹುಡುಗರು ಮೊದಲು "ಪೆಟ್ಟಿಯಡಿ ಪೈಯನ್" ಆಗಿ ಹೋಗೋದು, ಅಂದರೆ ಹಣದ ಪೆಟ್ಟಿಗೆ ಪಕ್ಕ ಕೂತು ಬಡ್ಡಿ ಲೆಕ್ಕ ಕಲಿಯೋದು. ಆಮೇಲೆ ಗುಮಾಸ್ತೆ, ಏಜೆಂಟು, ಕೊನೆಗೆ ಸ್ವಂತ ವ್ಯವಹಾರ. ಹೆಂಡತಿಯರನ್ನು ಸಾಮಾನ್ಯವಾಗಿ ಕರೆದುಕೊಂಡು ಹೋಗುತ್ತಿರಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ ದುಡಿದು, ಇಲ್ಲಿ ಹೆಂಡತಿ ಮಕ್ಕಳಿಗೆ, ಇನ್ನೂ ನಿಜ ಹೇಳಬೇಕೆಂದರೆ ಊರಿನವರ ಕಣ್ಣಿಗೆ, ಮನೆ ಕಟ್ಟಿಸಿದರು.

ಗೋಡೆಯಲ್ಲಿ ಸಾಲಾಗಿ ಫೋಟೋಗಳು. ಎಲ್ಲರ ಹೆಸರಿನ ಹಿಂದೆಯೂ ಎರಡು ಮೂರು ನಾಲ್ಕು ಇನಿಷಿಯಲ್. ಇದನ್ನು "ವಿಲಾಸಂ" ಅನ್ನುತ್ತಾರೆ. ನಮಗೆ ವಿಳಾಸ ಅಂದರೆ ಅಡ್ರೆಸ್ಸು. ಅವರಿಗೆ ಅದು ಅಜ್ಜ, ಅಪ್ಪನ ಹೆಸರುಗಳನ್ನು ಸೇರಿಸಿ ಮಾಡಿದ ವ್ಯಾಪಾರದ ಗುರುತು. ಆ ಅಕ್ಷರ ನೋಡಿದರೆ ಸಾಕು, ಯಾರ ಮನೆ, ಸಾಲ ಕೊಡಬಹುದಾ ಬೇಡವಾ ಅಂತ ರಂಗೂನಿನಲ್ಲಿ ಗೊತ್ತಾಗುತ್ತಿತ್ತು. ಮನೆಯ ವಿಳಾಸ ಕಾನಾಡುಕಾತ್ತಾನ್, ಹೆಸರಿನ ವಿಲಾಸಂ ಬರ್ಮಾದಲ್ಲಿ!

ಇದೇ ಊರಿನ ಕುಟುಂಬಗಳು ಏನೇನು ಮಾಡಿವೆ ಅಂದರೆ ನಂಬುವುದು ಕಷ್ಟ. ಬೀದಿಯ ದೊಡ್ಡ ಮನೆ, ಎಲ್ಲರೂ ಚೆಟ್ಟಿನಾಡು ಅರಮನೆ ಅನ್ನೋದು, ಅಣ್ಣಾಮಲೈ ಚೆಟ್ಟಿಯಾರರದು. ಚಿದಂಬರದಲ್ಲಿ 1929ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯ ಕಟ್ಟಿದವರು, ರಾಜಾ ಅನ್ನೋ ಬಿರುದೂ ಬ್ರಿಟಿಷರಿಂದ ಸಿಕ್ಕಿತು. ನಾವು ಹೋದಾಗ ಗೇಟು ಮುಚ್ಚಿತ್ತು. ಇನ್ನೊಬ್ಬರು ಎಂ. ಸಿಟಿ. ಎಂ. ಚಿದಂಬರಂ ಚೆಟ್ಟಿಯಾರ್. 1937ರ ಫೆಬ್ರುವರಿ 10ರಂದು ಇಂಡಿಯನ್ ಓವರ್ಸೀಸ್ ಬ್ಯಾಂಕ್ ಶುರು ಮಾಡಿದರು. ಅದೇ ದಿನ ಮೂರು ಶಾಖೆ ತೆರೆದರು. ಒಂದು ಮದರಾಸು, ಒಂದು ರಂಗೂನ್, ಮೂರನೆಯದು ಕಾರೈಕುಡಿ. ಈ ಮೂರು ಹೆಸರು ಒಟ್ಟಿಗೆ ಓದಿದರೆ ಅರ್ಧ ಕಥೆ ಅರ್ಥವಾಗುತ್ತದೆ, ಅಲ್ವಾ?

ಇನ್ನರ್ಧ ಕಥೆ ಅಷ್ಟು ಚಂದ ಇಲ್ಲ. ಅಮ್ಮ ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರ್ಮಾದ ಭತ್ತದ ಗದ್ದೆ. ಸೂಯೆಜ್ ಕಾಲುವೆ ತೆರೆದ ಮೇಲೆ ಬರ್ಮಾದ ಅಕ್ಕಿಗೆ ಯುರೋಪಿನಲ್ಲಿ ಬೇಡಿಕೆ ಬಂತು. ಇರಾವದಿ ನದಿಯ ಬಯಲಿನಲ್ಲಿ ಕಾಡು ಕಡಿದು ಗದ್ದೆ ಮಾಡಲು ರೈತರಿಗೆ ಸಾಲ ಬೇಕಿತ್ತು, ಬ್ಯಾಂಕುಗಳು ಕೊಡುತ್ತಿರಲಿಲ್ಲ, ಚೆಟ್ಟಿಯಾರರು ಕೊಟ್ಟರು. 1930ರಲ್ಲಿ ಭತ್ತದ ಬೆಲೆ ನೆಲಕಚ್ಚಿತು. ಸಾಲ ತೀರಿಸಲು ಆಗಲಿಲ್ಲ, ಅಡವಿಟ್ಟ ಗದ್ದೆ ಹೋಯಿತು. 1930ರಲ್ಲಿ ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳ ಜಮೀನಿನಲ್ಲಿ ನೂರಕ್ಕೆ 6 ಭಾಗ ಚೆಟ್ಟಿಯಾರರ ಕೈಯಲ್ಲಿತ್ತು, 1938ರ ಹೊತ್ತಿಗೆ 25 ಭಾಗ. ಅವರಿಗೂ ಆ ಜಮೀನು ಬೇಕಿರಲಿಲ್ಲ, ದುಡ್ಡು ವಾಪಸ್ ಬೇಕಿತ್ತು ಅಂತ ಹೇಳುವವರಿದ್ದಾರೆ, ಅದರಲ್ಲೂ ನಿಜ ಇದೆ. ಆದರೆ ಗದ್ದೆ ಕಳೆದುಕೊಂಡವನಿಗೆ ಆ ವ್ಯತ್ಯಾಸ ಕಂಡಿರಲಿಕ್ಕಿಲ್ಲ.

1942ರಲ್ಲಿ ಜಪಾನಿನ ಸೈನ್ಯ ರಂಗೂನಿಗೆ ಬಂತು. ಭಾರತೀಯರು ಲಕ್ಷಗಟ್ಟಲೆ ಬರ್ಮಾ ಬಿಟ್ಟು ಓಡಿಬಂದರು, ಬಹಳ ಜನ ಕಾಡು ಬೆಟ್ಟ ದಾಟಿ ನಡೆದೇ ಬಂದರು, ದಾರಿಯಲ್ಲೇ ಸತ್ತವರು ಸಾವಿರಾರು. ಯುದ್ಧ ಮುಗಿದು 1948ರಲ್ಲಿ ಬರ್ಮಾ ಸ್ವತಂತ್ರ ಆದ ಮೇಲೆ ಅಲ್ಲಿನ ಸರ್ಕಾರ ಜಮೀನನ್ನು ವಶಕ್ಕೆ ತಗೊಳ್ಳುವ ಕಾನೂನು ತಂದಿತು. ಅಲ್ಲಿಗೆ ಮುಗಿಯಿತು. ಈ ದೊಡ್ಡ ಮನೆಗಳು ಎದ್ದಿದ್ದು ಹೆಚ್ಚುಕಡಿಮೆ 19ನೇ ಶತಮಾನದ ಮಧ್ಯದಿಂದ 1940ರ ದಶಕದವರೆಗೆ. ಆಮೇಲೆ ಕಟ್ಟಲು ದುಡ್ಡಿಲ್ಲ, ಇದ್ದದ್ದನ್ನು ನೋಡಿಕೊಳ್ಳಲು ಜನ ಇಲ್ಲ.

ಈ ಮನೆ ಎಷ್ಟು ಜನರದ್ದು ಅಂತ ಕೇಳಿದೆ. ಹಿರಿಯರು ಕೈ ಬೆರಳು ಮಡಿಸುತ್ತಾ ಹೋಗಿ "ನಲವತ್ತು ಪಾಲು ಮೇಲಾಗಬಹುದು" ಅಂದರು. ಮಾರೋದಾದರೆ ಎಲ್ಲರೂ ಸಹಿ ಹಾಕಬೇಕು. ಒಬ್ಬ ಮೊಮ್ಮಗ ಅಮೆರಿಕದಲ್ಲಿ, ಇನ್ನೊಬ್ಬ ಮಾತು ಬಿಟ್ಟಿದ್ದಾನೆ. ಹಾಗಾಗಿ ಮನೆ ನಿಂತಿದೆ. ಪಕ್ಕದ ಸಾಲಿನಲ್ಲಿ ಒಂದು ಖಾಲಿ ಜಾಗ ತೋರಿಸಿದರು, ಕಟ್ಟೆಯ ಕಲ್ಲು ಮಾತ್ರ ಇದೆ. ಅಲ್ಲಿ ಎಲ್ಲರೂ ಒಪ್ಪಿದರಂತೆ. ನಾನು ಇಲ್ಲಿಯವರೆಗೂ ಪಾಲಿನ ಜಗಳವೇ ಹಳೇ ಮನೆಗಳನ್ನು ನುಂಗುತ್ತದೆ ಅಂದುಕೊಂಡಿದ್ದೆ. ಇಲ್ಲಿ ಉಲ್ಟಾ. ಜಗಳ ಇರುವ ಮನೆ ಉಳಿದಿದೆ, ಒಮ್ಮತ ಆದ ಮನೆ ಲಾರಿ ಹತ್ತಿದೆ.

ವರ್ಷಕ್ಕೆ ಎಷ್ಟು ದಿನ ತೆಗೆಯುತ್ತೀರಿ ಅಂದರೆ, ಮದುವೆ ಇದ್ದರೆ ಮದುವೆಗೆ, ಇಲ್ಲದಿದ್ದರೆ ಹಿರಿಯರಿಗೆ ಎಡೆ ಇಡುವ ಪಡೈಪ್ಪಿಗೆ ಅಂದರು. ಉಳಿದ ದಿನ ಅವರೊಬ್ಬರೇ. ಬೆಳಿಗ್ಗೆ ಬಾಗಿಲು ತೆಗೆದು ಗುಡಿಸಿ, ಸಂಜೆ ದೀಪ ಹಚ್ಚಿ ಬೀಗ ಹಾಕುತ್ತಾರೆ. ಮಲಗೋದು ತಿಣ್ಣೈ ಮೇಲೆ. ಒಳಗೆ ಅಷ್ಟು ಕೋಣೆ ಇದೆಯಲ್ಲ ಅಂತ ಅಮ್ಮ ಕೇಳಿದಳು. "ಅದು ಅವರದು" ಅಂದರು.

ಮೂರನೇ ದಿನ, ಶುಕ್ರವಾರ

ತಿಂಡಿಗೆ ಕುಳಿ ಪಣಿಯಾರಂ, ಅಂದರೆ ನಮ್ಮ ಪಡ್ಡು. ಜೊತೆಗೆ ಕವುಣಿ ಅರಿಸಿ ಅಂತ ಕಪ್ಪು ಅಕ್ಕಿಯ ಸಿಹಿ, ಕಾಯಿತುರಿ ಹಾಕಿದ್ದು, ಅಂಟಂಟು. ಈ ಅಕ್ಕಿ ಬರ್ಮಾದಿಂದ ಬಂದದ್ದು. ಗದ್ದೆ ಹೋಯಿತು, ಅಕ್ಕಿ ಉಳಿಯಿತು. ಅಮ್ಮ ಎರಡನೇ ಸಲ ಹಾಕಿಸಿಕೊಂಡಳು.

ಪಿಳ್ಳೈಯಾರ್‌ಪಟ್ಟಿ ಗಣಪತಿ ದೇವಸ್ಥಾನಕ್ಕೆ ಹೋದೆವು. ಬಂಡೆಯಲ್ಲೇ ಕೆತ್ತಿದ ಗಣಪತಿ, ಒಂಬತ್ತು ದೇವಸ್ಥಾನಗಳಲ್ಲಿ ಒಂದು. ರಶ್ಶೋ ರಶ್ಶು. ಹತ್ತು ಸೆಕೆಂಡ್ ದರ್ಶನ, ಮುಂದೆ ಹೋಗಿ.

ಮಧ್ಯಾಹ್ನ ಆತ್ತಂಗುಡಿ. ಕಾರ್ಖಾನೆ ಅಂದರೆ ಒಂದು ಶೆಡ್ಡು, ಐದಾರು ಜನ. ಯಂತ್ರವೂ ಇಲ್ಲ, ಬೆಂಕಿಯೂ ಇಲ್ಲ. ಗಾಜಿನ ಚೂರನ್ನು ಚೌಕಟ್ಟಿನೊಳಗೆ ಇಡುತ್ತಾರೆ. ಅದರ ಮೇಲೆ ತಗಡಿನ ಅಚ್ಚು. ಅಚ್ಚಿನ ಒಂದೊಂದು ಕುಳಿಗೂ ಸಿಮೆಂಟಿನಲ್ಲಿ ಕಲಸಿದ ಬಣ್ಣ ಸೌಟಿನಿಂದ ಬಿಡುತ್ತಾರೆ, ದೋಸೆ ಹಿಟ್ಟಿನ ಹದ. ಅಚ್ಚು ಎತ್ತಿದರೆ ಹೂವು ನಿಲ್ಲುತ್ತದೆ, ಒಂದು ಬಣ್ಣ ಇನ್ನೊಂದಕ್ಕೆ ಸೇರುವುದಿಲ್ಲ. ಮೇಲೆ ಒಣ ಸಿಮೆಂಟು ಮರಳು ಉದುರಿಸಿ, ಹಸಿ ಗಾರೆ ತುಂಬಿ, ಕರಣೆಯಿಂದ ಸಮ ಮಾಡಿ ಪಕ್ಕಕ್ಕೆ. ಮರುದಿನ ನೀರಿನ ತೊಟ್ಟಿಗೆ, ಕೆಲವು ದಿನ ನೆನೆದ ಮೇಲೆ ಬಿಸಿಲಿಗೆ. ಗಾಜು ಕಳಚಿಕೊಂಡಾಗ ಆ ಮುಖಕ್ಕೆ ಗಾಜಿನ ಹೊಳಪೇ ಬಂದಿರುತ್ತದೆ. ಅಷ್ಟೇ. ಸುಮ್ನೆ ನಿಂತು ಒಂದು ಗಂಟೆ ನೋಡಿದೆ.

ಮೊದಮೊದಲು ನೆಲಕ್ಕೂ ಗೋಡೆಗೂ ಟೈಲ್ಸ್ ಹಡಗಿನಲ್ಲಿ ಬರುತ್ತಿದ್ದವು, ಜಪಾನಿನಿಂದ, ಯುರೋಪಿನಿಂದ. ಆಮೇಲೆ ಇಲ್ಲಿನ ಮರಳಿನಲ್ಲೇ ಮಾಡಲು ಕಲಿತರು. ಹೊರಗಿನ ಟೈಲ್ಸ್ ತರಿಸಿದ ಮನೆಗಳು ಖಾಲಿಯಾಗಿವೆ, ಈ ಶೆಡ್ಡಿಗೆ ಮಾತ್ರ ಬೆಂಗಳೂರಿನಿಂದ ಆರ್ಡರ್ ಬರುತ್ತಲೇ ಇದೆ.

ಅಮ್ಮ ಚಪ್ಪಲಿ ಬಿಟ್ಟು ಟೈಲ್ಸ್ ಮೇಲೆ ನೀರು ಚಿಮುಕಿಸಿ ನಡೆದು ನೋಡಿದಳು. ಜಾರುತ್ತಾ ಅಂತ. ಕೆಲಸದವರೆಲ್ಲ ನಿಲ್ಲಿಸಿ ನೋಡುತ್ತಿದ್ದರು. ಪಾಸಾಯಿತು. ಒರೆಸುವ ನೀರಿಗೆ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ, ನಡೆದಷ್ಟೂ ಹೊಳಪು ಬರುತ್ತದೆ ಅಂತ ಯಜಮಾನರು ಹೇಳಿದರು. ಹಾಲಿಗೆ ಮತ್ತು ಜಗಲಿಗೆ ಆಗುವಷ್ಟು ಹೇಳಿ ಬಂದೆ. ಒಂದು ಸ್ಯಾಂಪಲ್ ಕೊಟ್ಟರು, ಇಟ್ಟಿಗೆಯಷ್ಟು ಭಾರ.

ಅದೇ ಊರಿನಲ್ಲಿ ಲಕ್ಷ್ಮಿ ವಿಲಾಸ್ ಅಂತ ಒಂದು ಮನೆ ಇದೆ, ದುಡ್ಡು ಕೊಟ್ಟು ಒಳಗೆ ಹೋಗಬಹುದು. ಚೆನ್ನಾಗಿದೆ, ಬಣ್ಣ ಇನ್ನೂ ಮಾಸಿಲ್ಲ, ಸಿನಿಮಾದವರು ಬರುತ್ತಿರುತ್ತಾರೆ. ನನಗೆ ನಿನ್ನೆಯ ಮನೆಯ ಮೇಲೆ ಆದ ಪ್ರೀತಿ ಇದರ ಮೇಲೆ ಆಗಲಿಲ್ಲ. ಸಿನಿಮಾ ಅಂದ ಮೇಲೆ ನೆನಪಾಯಿತು, ಎ.ವಿ.ಎಂ. ಸ್ಟುಡಿಯೋದ ಎ. ವಿ. ಮೇಯ್ಯಪ್ಪನ್ 1907ರಲ್ಲಿ ಹುಟ್ಟಿದ್ದು ಕಾರೈಕುಡಿಯಲ್ಲೇ. ಯುದ್ಧದ ಕಾಲದಲ್ಲಿ ಮದರಾಸಿನಲ್ಲಿ ಇರಲಾಗದೆ ಸ್ವಲ್ಪ ವರ್ಷ ಇಲ್ಲೇ ಸ್ಟುಡಿಯೋ ನಡೆಸಿದರು. ನಮ್ಮ ಕನ್ನಡದ ಹರಿಶ್ಚಂದ್ರ ಸಿನಿಮಾಕ್ಕೆ ತಮಿಳು ಮಾತು ಕೂಡಿಸಿ ಡಬ್ಬಿಂಗ್ ಅನ್ನೋದನ್ನು ಶುರು ಮಾಡಿದವರೂ ಅವರೇ.

ನಾಲ್ಕನೇ ದಿನ, ಶನಿವಾರ

ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿ. ಹಳೇ ಸಾಮಾನಿನ ಅಂಗಡಿಗಳು. ಒಮ್ಮತ ಆದ ಮನೆಗಳೆಲ್ಲ ಬಂದು ಸೇರೋದು ಇಲ್ಲಿಗೆ. ಕಂಬ, ಬಾಗಿಲುವಾಡ, ತೊಟ್ಟಿಲು, ರವಿವರ್ಮ ಪ್ರಿಂಟು, ಸ್ವೀಡನ್ನಿನ ಎನಾಮಲ್ ಡಬ್ಬಿ, ಗೋಡೆ ಗಡಿಯಾರ, ಯಾರದೋ ಮದುವೆ ಫೋಟೋ. ಚೆಟ್ಟಿಯಾರ್ ಮದುವೆಗಳಲ್ಲಿ ಮಗಳಿಗೆ ಪಾತ್ರೆ ಪಡಗ ಲೆಕ್ಕವಿಲ್ಲದಷ್ಟು ಕೊಡುತ್ತಿದ್ದರು, ವಳವಿನ ಸುತ್ತ ಇದ್ದ ಕೋಣೆಗಳಲ್ಲಿ ತುಂಬಿಟ್ಟಿದ್ದು ಅದನ್ನೇ. ಎಷ್ಟೋ ಪಾತ್ರೆ ಒಂದು ಸಲವೂ ಒಲೆ ಮೇಲೆ ಏರಿಲ್ಲ, ತಳ ನೋಡಿದರೆ ಗೊತ್ತಾಗುತ್ತದೆ. ಅಮ್ಮ ತಳ ನೋಡಿಯೇ ಹೇಳಿದ್ದು.

ಒಂದು ಮೂಲೆಯಲ್ಲಿ ಬುಟ್ಟಿ ತುಂಬ ಕೀಲಿಗಳು. ತೂಕಕ್ಕೆ. ಬಾಗಿಲು ಎಲ್ಲಿಗೆ ಹೋಯಿತೋ, ಬೀಗ ಯಾರು ಒಯ್ದರೋ.

ಬಾಗಿಲುಗಳು ಎಲ್ಲಿಗೆ ಹೋಗುತ್ತವೆ ಅಂತ ಕೇಳಿದೆ. "ಬೆಂಗಳೂರು, ಜಾಸ್ತಿ ಬೆಂಗಳೂರು" ಅಂದರು ಅಂಗಡಿಯವರು, ನನ್ನನ್ನೇ ನೋಡುತ್ತಾ. ಅಮ್ಮ ಮಾತಾಡಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಮನೆ ಆರು ಪಾಲಾದಾಗ ಜಗಲಿಯ ನಾಲ್ಕು ಕಂಬ ಕೊಂಡವರು ಕೂಡ ಬೆಂಗಳೂರಿನವರೇ. ಯಾವ ಹೋಟೆಲಿನಲ್ಲಿ ನಿಂತಿವೆಯೋ. ಹಳೇ ಕಂಬ ಇರುವ ಹೋಟೆಲಿಗೆ ಹೋದರೆ ಅಮ್ಮ ಇವತ್ತಿಗೂ ಕಂಬದ ಬುಡ ನೋಡುತ್ತಾಳೆ. ನಮ್ಮ ಕಂಬಕ್ಕೆ ಒಂದು ಕಡೆ ಗೆದ್ದಲು ತಿಂದ ಗುರುತಿತ್ತು.

ಒಂದು ಹಿತ್ತಾಳೆ ಚೊಂಬು ಅವಳಿಗೆ ತುಂಬಾ ಹಿಡಿಸಿತು. ದುಂಡಗೆ, ಕೈಯಲ್ಲಿ ಚೆನ್ನಾಗಿ ಕೂರುತ್ತಿತ್ತು. ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸಿದಳು ಕೂಡ. ಆಮೇಲೆ ಕಂಠದ ಹತ್ತಿರ ಕೊರೆದ ಅಕ್ಷರಗಳು ಕಂಡವು, ತಮಿಳಿನಲ್ಲಿ, ಮೂರು ಇನಿಷಿಯಲ್, ಒಂದು ಹೆಣ್ಣು ಹೆಸರು. ಓದು ಅಂದಳು, ಓದಿದೆ. ಸೆರಗಿನಿಂದ ಒರೆಸಿ ಇದ್ದ ಜಾಗದಲ್ಲೇ ಇಟ್ಟಳು. ಬದಲಿಗೆ ಒಂದು ನೀಲಿ ಎನಾಮಲ್ ಬಟ್ಟಲು ತಗೊಂಡಳು, ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಅಂಗಡಿಯವರಿಗೆ ಸ್ವಲ್ಪ ಸಿಟ್ಟು ಬಂತು, ಅರ್ಧ ಗಂಟೆ ಚೌಕಾಸಿ ಮಾಡಿಸಿದ್ದಕ್ಕೆ. ಬರದೇ ಇರುತ್ತಾ?

ರಾತ್ರಿ ತಿರುಚ್ಚಿಯಿಂದ ರೈಲು. ಮನೆಗೆ ಬಂದು ತಿಂಗಳು ಕಳೆಯಿತು. ಟೈಲ್ಸ್ ಇನ್ನೂ ಬಂದಿಲ್ಲ, ಮಳೆ ಇದೆಯಂತೆ, ಒಣಗುತ್ತಿಲ್ಲವಂತೆ. ಸ್ಯಾಂಪಲ್ ಟೈಲ್ ಅಡುಗೆಮನೆ ಕಟ್ಟೆ ಮೇಲಿದೆ, ಅಮ್ಮ ಅದರ ಮೇಲೆ ಹಾಲಿನ ಪಾತ್ರೆ ಇಡುತ್ತಾಳೆ. ದಿನಾ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾಳೆ. ಹೊಳಪು ಬಂದಿದೆ.